ಹಳೆಯ ಕಾವ್ಯಕ್ಕೆ ಹೊಸ ಧಾಟಿ: ರಾಗಸಂಯೋಜನೆ ಸ್ಪರ್ಧೆಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ವಚನ, ಷಟ್ಪದಿ, ದಾಸರ ಪದ, ತ್ರಿಪದಿ, ಹಳಗನ್ನಡದ ವೃತ್ತ – ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಹೊಸದಾಗಿ ರಾಗ ಹಾಕಿ ಕಳಿಸಿ ಎನ್ನುವ ಸ್ಪರ್ಧೆಗಳಿಗೆ ಬರುವವರಲ್ಲಿ ಎರಡು ಬಗೆ. ಕೆಲವರಿಗೆ ಹಾಡು ಗೊತ್ತು, ಛಂದಸ್ಸು ಗೊತ್ತಿಲ್ಲ. ಕೆಲವರಿಗೆ ಛಂದಸ್ಸು ಬಾಯಿಪಾಠ, ಕೈಯಲ್ಲಿ ತಾಳ ನಿಲ್ಲುವುದಿಲ್ಲ. ಇಬ್ಬರ ಪ್ರಶ್ನೆಗಳೂ ಇಲ್ಲಿವೆ. ವಯೋಮಿತಿ, ಕೊನೆಯ ದಿನಾಂಕ, ಶುಲ್ಕ ಇತ್ಯಾದಿಗೆ ಆಯಾ ಸ್ಪರ್ಧೆಯ ಪ್ರಕಟಣೆಯನ್ನೇ ನೋಡಿ.

ಎಂಥ ಪದ್ಯ ಆರಿಸಿಕೊಂಡರೆ ಒಳ್ಳೆಯದು?

ಅರ್ಥ ನಿಮಗೆ ಪೂರ್ತಿ ಬಿಟ್ಟುಕೊಟ್ಟ ಪದ್ಯ. ಅರ್ಧ ಅರ್ಥವಾದ ಪದ್ಯಕ್ಕೆ ಹಾಕಿದ ಧಾಟಿ ಎಲ್ಲೋ ಒಂದು ಕಡೆ ಗುಟ್ಟು ಬಿಟ್ಟುಕೊಡುತ್ತದೆ. ಸಾಮಾನ್ಯವಾಗಿ ಅದು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ. ಎರಡನೆಯದು, ಕೇಳುವವರ ಕಿವಿಯಲ್ಲಿ ಈಗಾಗಲೇ ಬೇರೂರಿದ ಧಾಟಿ ಇಲ್ಲದಿರುವುದು. ‘ಭಾಗ್ಯದ ಲಕ್ಷ್ಮಿ ಬಾರಮ್ಮ’ವನ್ನು ಎಷ್ಟೇ ಹೊಸದಾಗಿ ಹಾಡಿದರೂ ಕೇಳುವವರು ಮನಸ್ಸಿನಲ್ಲೇ ಹಳೆಯದನ್ನು ಜೊತೆಗೆ ಹಾಡಿಕೊಳ್ಳುತ್ತಾರೆ. ಧಾಟಿಯ ಮೇಲೆ ಜನಕ್ಕಿರುವ ಮಮತೆ ಸಣ್ಣದಲ್ಲ: ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ನಾಡಗೀತೆಯಾಯಿತು, ಆದರೆ ಅದನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ ತೀರ್ಮಾನಿಸಿದ್ದು 2022ರಲ್ಲಿ. ಆ ತೀರ್ಮಾನವೂ ಹೈಕೋರ್ಟ್ ಮೆಟ್ಟಿಲೇರಿತು.

ಕುಮಾರವ್ಯಾಸ, ಲಕ್ಷ್ಮೀಶ, ರಾಘವಾಂಕ, ಹರಿಹರನ ರಗಳೆಗಳು, ರತ್ನಾಕರವರ್ಣಿಯ ಸಾಂಗತ್ಯ – ಇಲ್ಲಿ ಯಾರೂ ಮುಟ್ಟದ ಪದ್ಯಗಳು ರಾಶಿ ರಾಶಿ ಬಿದ್ದಿವೆ. ಎಲ್ಲರೂ ಅದೇ ಹತ್ತು ವಚನಗಳಿಗೆ ಮುಗಿಬೀಳುತ್ತಾರೆ.

ಯಾವ ಕವಿಗಳಿಗೆ ಅನುಮತಿ ಬೇಕಿಲ್ಲ?

ಭಾರತದಲ್ಲಿ ಕೃತಿಸ್ವಾಮ್ಯ ಕವಿಯ ಜೀವಿತಕಾಲವಿಡೀ ಇರುತ್ತದೆ. ಅವರು ತೀರಿಕೊಂಡ ಮರುವರ್ಷದ ಜನವರಿಯಿಂದ ಇನ್ನೂ 60 ವರ್ಷ ಮುಂದುವರಿಯುತ್ತದೆ. ಪಂಪನಿಂದ ಮುದ್ದಣನವರೆಗೆ, ಶರಣರು, ದಾಸರು, ಸರ್ವಜ್ಞ, ಶಿಶುನಾಳ ಶರೀಫರು – ಯಾರ ಅನುಮತಿಯೂ ಬೇಡ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಕವಿತೆಗಳೂ ಮುಕ್ತ. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಹಾಗಾಗಿ 2024ರ ಜನವರಿ 1ರಿಂದ ಅವರ ಕವಿತೆಗಳೂ ಮುಕ್ತವಾಗಿವೆ. ಇದನ್ನು ಇನ್ನೂ ಬಹಳ ಜನ ಗಮನಿಸಿಲ್ಲ.

ಡಿ.ವಿ.ಜಿ. (1975), ಬೇಂದ್ರೆ (1981), ಕುವೆಂಪು (1994) ಇವರ ಹಕ್ಕು ಕ್ರಮವಾಗಿ 2035, 2041, 2054ರ ಕೊನೆಯವರೆಗೆ ಇದೆ. ಇವರ ಕವಿತೆ ಬೇಕೆಂದರೆ ವಾರಸುದಾರರಿಂದಲೋ ಹಕ್ಕು ಪಡೆದವರಿಂದಲೋ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಹಳೆಯ ಕಾವ್ಯದಲ್ಲೂ ಒಂದು ಗುಂಡಿ ಇದೆ. ಮೂಲ ಮುಕ್ತವಾಗಿದ್ದರೂ ಈಚಿನವರು ಮಾಡಿದ ಹೊಸಗನ್ನಡ ರೂಪಾಂತರ ಮುಕ್ತವಲ್ಲ. ಪಂಪನ ಪದ್ಯವೆಂದು ತಿಳಿದು ಯಾರದೋ ಸರಳಾನುವಾದಕ್ಕೆ ರಾಗ ಹಾಕಿದರೆ ಅದು ಅನುವಾದಕರ ಸೊತ್ತು.

ಪದ್ಯದ ಪಾಠ ಎಲ್ಲಿಂದ ತೆಗೆದುಕೊಳ್ಳಬೇಕು?

ವಾಟ್ಸ್ಆ್ಯಪ್‌ನಿಂದ ಖಂಡಿತ ಬೇಡ, ಕ್ಯಾಸೆಟ್ ಕೇಳಿ ಬರೆದುಕೊಂಡದ್ದೂ ಬೇಡ. ಕ್ಯಾಸೆಟ್‌ನಲ್ಲಿ ಗಾಯಕರು ಸೇರಿಸಿದ ‘ಅಯ್ಯಾ’, ‘ಓ’, ‘ನೋಡಾ’ಗಳೆಲ್ಲ ನಿಮ್ಮ ಪಠ್ಯಕ್ಕೆ ಬಂದು ಕೂರುತ್ತವೆ. ವಚನಕ್ಕೆ ಕರ್ನಾಟಕ ಸರ್ಕಾರ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನ ಸಂಪುಟವಿದೆ. ಕುಮಾರವ್ಯಾಸನಿಗೆ ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ ಆವೃತ್ತಿಯಿದೆ. ಯಾವ ಆವೃತ್ತಿ, ಯಾವ ಪುಟ ಎಂದು ಅರ್ಜಿಯಲ್ಲಿ ಬರೆಯಿರಿ. ಪಾಠಾಂತರವಿದ್ದರೆ ಒಂದನ್ನು ಹಿಡಿದು ಅದರಲ್ಲೇ ನಿಲ್ಲಿ, ಎರಡು ಪಾಠಗಳ ಕಲಬೆರಕೆ ಮಾಡಬೇಡಿ.

ಮೊದಲು ರಾಗವೋ ತಾಳವೋ?

ಎರಡೂ ಅಲ್ಲ, ಓದು. ಧಾಟಿ ಎಂದರೆ ಪದ್ಯವನ್ನು ಓದುವ ಒಂದು ರೀತಿಯೇ. ಓದು ಗಟ್ಟಿಯಾದರೆ ತಾಳ ತಾನಾಗಿ ಸಿಗುತ್ತದೆ, ರಾಗದ ಆಯ್ಕೆ ಕಿರಿದಾಗುತ್ತದೆ.

ಪದ್ಯವನ್ನು ಕೈಯಲ್ಲಿ ಬರೆದುಕೊಳ್ಳಿ, ಸಾಲುಗಳ ನಡುವೆ ಎರಡು ಗೆರೆ ಜಾಗ ಬಿಡಿ. ಪ್ರತಿ ಅಕ್ಷರದ ಮೇಲೆ ಗುರು, ಲಘು ಗುರುತು ಹಾಕಿ. ದೀರ್ಘ, ಅನುಸ್ವಾರ ಅಥವಾ ವಿಸರ್ಗವಿರುವುದು, ಒತ್ತಕ್ಷರದ ಹಿಂದಿನದು, ವ್ಯಂಜನದಲ್ಲಿ ನಿಲ್ಲುವುದು – ಇವೆಲ್ಲ ಗುರು, ಎರಡು ಮಾತ್ರೆ. ಉಳಿದದ್ದು ಲಘು, ಒಂದು ಮಾತ್ರೆ. ಹಳಗನ್ನಡದಲ್ಲಿ ಶಿಥಿಲದ್ವಿತ್ವ ಎಂಬ ವಿನಾಯಿತಿ ಇದೆ: ಕೆಲವು ಒತ್ತಕ್ಷರಗಳ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಲೆಕ್ಕ ಒಂದು ಮಾತ್ರೆ ಹೆಚ್ಚು ಬಂದರೆ ಮೊದಲು ಇದನ್ನು ಅನುಮಾನಿಸಿ, ಕವಿಯನ್ನಲ್ಲ.

ಆಮೇಲೆ ರಾಗವಿಲ್ಲದೆ, ಮಾತ್ರೆಗೊಂದು ತಟ್ಟು ಹಾಕಿಕೊಂಡು ಗಟ್ಟಿಯಾಗಿ ಓದಿ. ಹತ್ತು ಸಲ ಓದುವಷ್ಟರಲ್ಲಿ ಎಲ್ಲಿ ಉಸಿರು ಬೇಕು, ಯಾವ ಪದದ ಮೇಲೆ ದನಿ ಏರುತ್ತದೆ ಎಂಬುದು ಗೊತ್ತಾಗುತ್ತದೆ. ಅದನ್ನೂ ಗುರುತು ಮಾಡಿ. ಶ್ರುತಿಪೆಟ್ಟಿಗೆ ತೆರೆಯುವುದು ಇಷ್ಟಾದ ಮೇಲೆ.

ಭಾಮಿನಿ ಷಟ್ಪದಿಗೆ ಯಾವ ತಾಳ?

ಭಾಮಿನಿಯ 1, 2, 4, 5ನೇ ಸಾಲುಗಳಲ್ಲಿ 3+4+3+4, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ 3+4 ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ 23. 7 ಮಾತ್ರೆಯ ಮಿಶ್ರ ಛಾಪು ತಾಳ ಇದಕ್ಕೆ ಹೇಳಿ ಮಾಡಿಸಿದ ಹಾಗೆ ಹೊಂದುತ್ತದೆ. ಹಿಂದೂಸ್ತಾನಿಯವರಿಗೆ 7 ಮಾತ್ರೆಯ ರೂಪಕ್ ಇದೆ. 3+4+3+4 ಎಂದೇ ವಿಭಾಗವಿರುವ ದೀಪಚಂದಿಯಲ್ಲಂತೂ ಒಂದು ಆವರ್ತಕ್ಕೆ, ಅಂದರೆ ತಾಳದ ಒಂದು ಪೂರ್ತಿ ಸುತ್ತಿಗೆ, ಸರಿಯಾಗಿ ಒಂದು ಸಾಲು ಕೂರುತ್ತದೆ.

ತೊಡಕು ಇರುವುದು ಮೂರನೇ ಸಾಲಿನ ಬಾಲದಲ್ಲಿ. 21 ಮಾತ್ರೆ ಮೂರು ಛಾಪಿಗೆ ಮುಗಿದು, ಕೊನೆಯ ಗುರು ನಾಲ್ಕನೆಯ ಛಾಪಿನ ಮೊದಲ ಎರಡು ಮಾತ್ರೆ ಹಿಡಿಯುತ್ತದೆ. ಇನ್ನುಳಿದ 5 ಮಾತ್ರೆಗಳನ್ನು ಏನು ಮಾಡುತ್ತೀರಿ ಎಂಬುದರಲ್ಲೇ ಸಂಯೋಜಕರ ಕೈ ಕಾಣುತ್ತದೆ. ಕೊನೆಯ ಸ್ವರವನ್ನು ಎಳೆದು ತುಂಬಬಹುದು, ಕೊಳಲಿಗೋ ತಬಲಾಕ್ಕೋ ಬಿಡಬಹುದು, ಮೌನವನ್ನೇ ಇಡಬಹುದು. ಹೊಸಬರು ಮಾಡುವುದು ನಾಲ್ಕನೆಯದನ್ನು: ಆ 5 ಮಾತ್ರೆಗಳನ್ನು ಮರೆತು ನಾಲ್ಕನೇ ಸಾಲಿಗೆ ಹಾರುತ್ತಾರೆ. ಅಲ್ಲಿಂದ ಮುಂದೆ ತಬಲಾದವರಿಗೆ ಸಮ, ಅಂದರೆ ಆವರ್ತದ ಮೊದಲ ಪೆಟ್ಟು, ಸಿಗುವುದಿಲ್ಲ.

ಇನ್ನೊಂದು ಎಡವಟ್ಟು ಸಾಲಿನ ಕೊನೆಯಲ್ಲಿ ನಿಲ್ಲುವುದು. ಕುಮಾರವ್ಯಾಸನ ಮೊದಲ ಪದ್ಯವನ್ನೇ ನೋಡಿ:

ಶ್ರೀವನಿತೆಯರಸನೆ ವಿಮಲ ರಾ
ಜೀವ ಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರ ದಾತಾರ

‘ರಾಜೀವ’ ಎಂಬ ಪದ ಎರಡು ಸಾಲಿಗೆ ಹರಿದಿದೆ. ಮೊದಲ ಸಾಲಿನ ಕೊನೆಯಲ್ಲಿ ಇಳಿದು ಷಡ್ಜದಲ್ಲಿ ನಿಂತರೆ ‘ರಾ’ ಒಂಟಿಯಾಗಿ ಉಳಿಯುತ್ತದೆ, ‘ಜೀವ’ ಬೇರೆಯೇ ಪದವಾಗಿ ಕೇಳಿಸುತ್ತದೆ. ಇಲ್ಲಿ ಸಂಗೀತದ ವಾಕ್ಯ ಸಾಲನ್ನು ದಾಟಿ ‘ಪಿತನೆ’ವರೆಗೆ ಹೋಗಲೇಬೇಕು. ಉಸಿರನ್ನು ‘ಅರಸನೆ’ ಆದ ಮೇಲೆ ತೆಗೆದುಕೊಳ್ಳಿ. ಜೊತೆಗೆ ಶ್ರೀವ, ಜೀವ, ಪಾವ – ಈ ಆದಿಪ್ರಾಸದ ‘ವ’ ಮೂರೂ ಸಾಲಿನಲ್ಲಿ ಮೂರನೇ ಮಾತ್ರೆಗೇ ಬೀಳುತ್ತದೆ. ಅಲ್ಲೆಲ್ಲ ಒಂದೇ ಬಗೆಯ ಸ್ವರಸ್ಪರ್ಶ ಕೊಟ್ಟರೆ ಪ್ರಾಸ ಕೇಳುಗರ ಕಿವಿಗೆ ಬೀಳುತ್ತದೆ. ಒಂದು ಕಡೆ ಎಳೆದು ಇನ್ನೊಂದು ಕಡೆ ನುಂಗಿದರೆ ಕವಿ ಪಟ್ಟ ಶ್ರಮ ನೀರಿನಲ್ಲಿ ಹೋಮ.

ವಾರ್ಧಕ ಷಟ್ಪದಿ, ಕಂದಪದ್ಯಗಳಿಗೆ?

ಜೈಮಿನಿ ಭಾರತದ ವಾರ್ಧಕದಲ್ಲಿ ನಡೆ ಐದರದು: ಸಣ್ಣ ಸಾಲು 20 ಮಾತ್ರೆ, ದೊಡ್ಡ ಸಾಲು 32. 5 ಮಾತ್ರೆಯ ಖಂಡ ಛಾಪು ಹಾಕಿದರೆ ದೊಡ್ಡ ಸಾಲಿಗೆ 3 ಮಾತ್ರೆ ತುಂಬಿಸಿ 35 ಮಾಡಿದರೆ ಸಾಕು. ಅರ್ಧ ಪದ್ಯಕ್ಕೆ 75 ಮಾತ್ರೆ, 15 ಆವರ್ತ. ಅದೇ ಲೆಕ್ಕವನ್ನು 10 ಮಾತ್ರೆಯ ಝಪ್‌ತಾಳಕ್ಕೆ ಒಯ್ದರೆ ಏಳೂವರೆ ಆವರ್ತವಾಗಿ ಉತ್ತರಾರ್ಧ ತಾಳದ ನಡುವಿನಿಂದ ಶುರುವಾಗುತ್ತದೆ. ಬೇಕೆಂದೇ ಮಾಡಿದರೆ ಚಂದ. ಗೊತ್ತಿಲ್ಲದೆ ಆದರೆ ಇನ್ನೂ 5 ಮಾತ್ರೆ ಸೇರಿಸಿ 80ಕ್ಕೆ ತನ್ನಿ.

ಕಂದದಲ್ಲಿ 12, 20, 12, 20. ಅರ್ಧಕ್ಕೆ 32 ಆಗುವುದರಿಂದ 8 ಮಾತ್ರೆಯ ಆದಿತಾಳದ ನಾಲ್ಕು ಆವರ್ತಕ್ಕೆ ಮುಗಿಯುತ್ತದೆ. ಆದರೆ ಮೊದಲ ಸಾಲು ಒಂದೂವರೆ ಆವರ್ತಕ್ಕೆ ನಿಲ್ಲುತ್ತದೆ. ಅಲ್ಲಿ ಸಮ ಹುಡುಕಿಕೊಂಡು ಸ್ವರ ಎಳೆಯಬೇಡಿ, ಎರಡನೇ ಸಾಲಿಗೆ ಹಾಗೇ ಸಾಗಿ.

ಪಂಪನ ವೃತ್ತಗಳಿಗೆ ತಾಳ ಕೂಡುತ್ತದೆಯೆ?

ಕೂಡುತ್ತದೆ, ಆದರೆ ಬಾಗಿಸಬೇಕು. ವೃತ್ತಗಳಲ್ಲಿ ಅಕ್ಷರಗಳ ಸಂಖ್ಯೆ ಮತ್ತು ಗುರುಲಘುಗಳ ಕ್ರಮ ನಿಗದಿ, ಮಾತ್ರೆಗಳ ಗುಂಪಲ್ಲ. ಬನವಾಸಿಯನ್ನು ನೆನೆಯುವ ಪ್ರಸಿದ್ಧ ಪದ್ಯ ಉತ್ಪಲಮಾಲೆ, ಸಾಲಿಗೆ 20 ಅಕ್ಷರ. ‘ತೆಂಕಣ ಗಾಳಿ ಸೋಂಕಿದೊಡಮೊಳ್ನುಡಿಗೇಳ್ದೊಡಮಿಂಪನಾಳ್ದ ಗೇ’ ಎಂಬ ಮೊದಲ ಸಾಲಿನ ಮಾತ್ರೆ ಎಣಿಸಿದರೆ 28 ಸಿಗುತ್ತದೆ. ನಾಲ್ಕು ಏಳು ಎಂದು ಖುಷಿಪಟ್ಟು ಮಿಶ್ರ ಛಾಪು ಹಾಕುತ್ತೀರಿ. ‘ತೆಂಕಣ ಗಾಳಿ’ 7, ‘ಸೋಂಕಿದೊಡಮೊಳ್’ 7, ಇಲ್ಲಿಯವರೆಗೆ ಸಲೀಸು. ‘ನುಡಿಗೇಳ್ದೊಡ’ 6ಕ್ಕೆ ನಿಂತು, ಮುಂದಿನ ‘ಮಿಂ’ ಎಂಬ ಗುರು ಮೂರನೇ ಆವರ್ತದ ಕೊನೆಯ ಮಾತ್ರೆಯಲ್ಲಿ ಹುಟ್ಟಿ ನಾಲ್ಕನೆಯದರೊಳಗೆ ಚಾಚುತ್ತದೆ. ಅಂದರೆ ಸಮದ ಪೆಟ್ಟು ಸ್ವರದ ನಡುವೆ ಬೀಳುತ್ತದೆ.

ದಾರಿ ಎರಡು. ಆ ಚಾಚನ್ನು ಒಪ್ಪಿಕೊಂಡು, ‘ಮಿಂ’ ಮೇಲೆ ಜಾರುವ ಸ್ವರವಿಟ್ಟು, ಪ್ರತಿ ಸಾಲಿನಲ್ಲೂ ಅದೇ ಜಾಗದಲ್ಲಿ ಅದೇ ಜಾರು ಬರುವಂತೆ ಮಾಡುವುದು. ವೃತ್ತದ ಕ್ರಮ ಎಲ್ಲ ಸಾಲಿಗೂ ಒಂದೇ ಆದ್ದರಿಂದ ಇದು ಸಾಧ್ಯ, ಕೇಳಲೂ ಸೊಗಸು. ಇಲ್ಲವೇ ತಾಳ ಬಿಟ್ಟು ಆಲಾಪದ ರೀತಿಯಲ್ಲಿ ಹಾಡಿ, ಕೊನೆಯ ಅರ್ಧ ಸಾಲು ‘ನೆನೆವುದೆನ್ನ ಮನಂ ಬನವಾಸಿ ದೇಶಮಂ’ ಅನ್ನು ಮಾತ್ರ ತಾಳಕ್ಕೆ ತಂದು ಪಲ್ಲವಿಯಂತೆ ತಿರುಗಿಸುವುದು.

ಇಲ್ಲೂ ಮೊದಲ ಸಾಲು ‘ಗೇ’ಗೆ ಮುರಿದು ಮುಂದಿನ ಸಾಲು ‘ಯಂ’ ಎಂದು ಶುರುವಾಗುತ್ತದೆ, ಅಲ್ಲಿ ನಿಲ್ಲುವಂತಿಲ್ಲ. ಹಳೆಯ ೞ, ಱ ಬಂದರೆ ಈಗಿನ ಓದಿನ ರೂಢಿಯಂತೆ ಳ, ರ ಎಂದು ಹಾಡಿದರೆ ಯಾರೂ ಅಂಕ ಕಳೆಯುವುದಿಲ್ಲ. ಒಂದು ಕಡೆ ಹಾಗೆ, ಇನ್ನೊಂದು ಕಡೆ ಹೀಗೆ ಮಾಡಿದರೆ ಕಳೆಯುತ್ತಾರೆ.

ವಚನಕ್ಕೆ ಛಂದಸ್ಸಿಲ್ಲವಲ್ಲ, ತಾಳಕ್ಕೆ ಹೇಗೆ ಕೂರಿಸುವುದು?

ವಚನದಲ್ಲಿ ಮಾತ್ರೆಯ ಕಟ್ಟಿಲ್ಲ, ಆದರೆ ಮಾತಿನ ಸಮತೂಕವಿದೆ. ‘ಎನ್ನ ಕಾಲೇ ಕಂಭ, ದೇಹವೇ ದೇಗುಲ’ – ಎರಡು ತುಂಡೂ ಒಂದೇ ಅಚ್ಚಿನವು. ಇಂಥ ಜೋಡಿಗಳನ್ನು ಗುರುತಿಸಿ, ಒಂದೊಂದು ತುಂಡಿಗೆ ಒಂದೊಂದು ಆವರ್ತ ಕೊಡಿ. ಮಾತ್ರೆ ಕಡಿಮೆ ಬಿದ್ದಲ್ಲಿ ಅಕ್ಷರವನ್ನು ಎಳೆಯುವ ಬದಲು ತುಂಡಿನ ಕೊನೆಯಲ್ಲಿ ಬಿಡುವು ಕೊಡಿ. ಎಂಟು ಮಾತ್ರೆಯ ಕೆಹರ್ವಾ ಅಥವಾ ಆದಿ ಸುರಕ್ಷಿತ. ಆರರ ದಾದ್ರಾದಲ್ಲಿ ವಚನಗಳು ತೂಗುಯ್ಯಾಲೆಯ ಹಾಡಿನಂತೆ ಕೇಳುವ ಅಪಾಯವಿದೆ.

ದೊಡ್ಡ ತೀರ್ಮಾನ ಪಲ್ಲವಿಯದು. ವಚನಕ್ಕೆ ಪಲ್ಲವಿ ಇಲ್ಲ, ನಾವು ಮಾಡಿಕೊಳ್ಳುವುದು. ರೂಢಿಯಂತೆ ಮೊದಲ ಸಾಲನ್ನೇ ಹಿಡಿಯುತ್ತಾರೆ. ‘ಉಳ್ಳವರು ಶಿವಾಲಯ ಮಾಡುವರು’ ಎಂದು ಶುರುವಾಗುವ ಬಸವಣ್ಣನವರ ವಚನ ‘ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ’ ಎಂದು ಮುಗಿಯುತ್ತದೆ. ಅಷ್ಟು ಹೇಳಿದ ಮೇಲೆ ಮತ್ತೆ ‘ಉಳ್ಳವರು’ ಎಂದು ತಿರುಗಿದರೆ ಆ ಕೊನೆಯ ಮಾತಿನ ಪೆಟ್ಟು ಹೋಯಿತು, ಬಡವ ಮತ್ತೆ ಗೊಣಗಲು ಶುರುಮಾಡಿದಂತೆ ಕೇಳುತ್ತದೆ. ಇಲ್ಲಿ ಕೊನೆಯ ಸಾಲನ್ನು ಎರಡು ಮೂರು ಸಲ ಹಾಡಿ ಅಲ್ಲೇ ನಿಲ್ಲಿಸುವುದು ಮೇಲು. ಪ್ರತಿ ವಚನಕ್ಕೂ ಈ ಪ್ರಶ್ನೆ ಹೊಸದಾಗಿ ಕೇಳಿಕೊಳ್ಳಿ.

ಅಂಕಿತವನ್ನು ಬಿಡುವುದು, ಬದಲಿಸುವುದು, ಅವಸರದಲ್ಲಿ ನುಂಗುವುದು – ಮೂರೂ ತಪ್ಪು. ‘ಕೂಡಲ’ ಎಂದು ಒಂದು ಆವರ್ತದಲ್ಲಿ ನಿಂತು ‘ಸಂಗಮದೇವ’ ಎಂದು ಇನ್ನೊಂದರಲ್ಲಿ ಎತ್ತಿಕೊಳ್ಳುವುದನ್ನೂ ಬಿಡಿ, ಅದು ಒಂದೇ ಹೆಸರು. ವಚನಗಾಯನದ ಎರಡು ಬೇರೆ ಬೇರೆ ದಾರಿಗಳನ್ನು ತಿಳಿಯಲು ಮಲ್ಲಿಕಾರ್ಜುನ ಮನ್ಸೂರ್ ಮತ್ತು ಸಿದ್ಧರಾಮ ಜಂಬಲದಿನ್ನಿ ಅವರ ಧ್ವನಿಮುದ್ರಿಕೆಗಳನ್ನು ಕೇಳಿ. ಕೇಳಿದ ಮೇಲೆ ಒಂದು ವಾರ ಏನೂ ರಚಿಸಬೇಡಿ. ಇಲ್ಲದಿದ್ದರೆ ಅವರದೇ ಹೊರಬರುತ್ತದೆ.

ತ್ರಿಪದಿಗೆ?

ತ್ರಿಪದಿ, ಸಾಂಗತ್ಯ ಅಂಶಗಣದವು, ಅಂದರೆ ಮಾತ್ರೆಯ ಲೆಕ್ಕಕ್ಕೆ ಕಟ್ಟುಬೀಳದ ಗಣಗಳವು. ಗಣ ಹಿಗ್ಗುತ್ತದೆ, ಕುಗ್ಗುತ್ತದೆ, ಅದಕ್ಕೇ ಬಾಯಲ್ಲಿ ಚೆನ್ನಾಗಿ ನಿಲ್ಲುತ್ತದೆ. ತ್ರಿಪದಿಯಲ್ಲಿ ಒಟ್ಟು 11 ಗಣ, ಅದರಲ್ಲಿ 6 ಮತ್ತು 10ನೆಯವು ಚಿಕ್ಕವು. ಈ ಎರಡು ಜಾಗಗಳಲ್ಲಿ ಧಾಟಿಯೂ ಚಿಕ್ಕದಾಗಿ ತಿರುಗಿದರೆ ಸಾಕು. ಹಾಡುವಾಗ ಎರಡನೇ ಸಾಲಿನ ಭಾಗವನ್ನು ಮರುಕಳಿಸಿ ಮೂರು ಸಾಲನ್ನು ನಾಲ್ಕಾಗಿಸುವುದು ಜನಪದರ ರೂಢಿ. ಅದನ್ನು ಬಳಸಿಕೊಳ್ಳಿ.

ದಾಸರ ಪದಗಳ ಮೇಲೆ ರಾಗ, ತಾಳ ಅಚ್ಚಾಗಿರುತ್ತದೆ. ಅದನ್ನು ಬದಲಿಸಬಹುದೆ?

ಬದಲಿಸಬಹುದು. ಪುರಂದರದಾಸರ ಬಹುಪಾಲು ಪದಗಳ ಮೂಲ ಧಾಟಿ ನಮಗೆ ಉಳಿದು ಬಂದಿಲ್ಲ. ಪುಸ್ತಕದಲ್ಲಿರುವ ರಾಗದ ಹೆಸರು ನಂತರದವರ ರೂಢಿ. ಸಂಗೀತದ ಆರಂಭದ ಪಾಠಗಳಾದ ಪಿಳ್ಳಾರಿ ಗೀತೆಗಳಂತೆ ಪಾಠಕ್ರಮದಲ್ಲೇ ಸೇರಿಹೋದವನ್ನು ಮಾತ್ರ ಮುಟ್ಟದಿರುವುದು ಜಾಣತನ. ಪಲ್ಲವಿ, ಅನುಪಲ್ಲವಿ, ಚರಣ ಇಲ್ಲಿ ಕವಿಯೇ ಕೊಟ್ಟಿರುವುದರಿಂದ ಕೆಲಸ ಹಗುರ. ಒಂದನ್ನು ಮಾತ್ರ ಪರೀಕ್ಷಿಸಿ: ಚರಣದ ಕೊನೆಯ ಮಾತು ಪಲ್ಲವಿಯ ಮೊದಲ ಮಾತಿಗೆ ವಾಕ್ಯವಾಗಿ ಕೂಡಬೇಕು, ರಾಗವೂ ಅಲ್ಲಿ ಮುಗಿಯದೆ ಕೈ ಚಾಚಿ ನಿಲ್ಲಬೇಕು.

ಗಮಕ ವಾಚನದಂತೆ ಹಾಡಿ ಕಳಿಸಿದರೆ ನಡೆಯುತ್ತದೆಯೆ?

ನಡೆಯುವುದಿಲ್ಲ, ಎರಡೂ ಬೇರೆ ಕಲೆ. ಗಮಕಿ ತಾಳಕ್ಕೆ ಕಟ್ಟುಬೀಳುವುದಿಲ್ಲ. ಅರ್ಥಕ್ಕೆ ತಕ್ಕಂತೆ ಪದ ಬಿಡಿಸಿ, ಆ ಗಳಿಗೆಯ ರಾಗದಲ್ಲಿ ವಾಚಿಸುತ್ತಾರೆ. ನಾಳೆ ಅದೇ ಪದ್ಯ ಬೇರೆಯಾಗಿ ಬರುತ್ತದೆ. ಸಂಯೋಜನೆ ಎಂದರೆ ಇನ್ನೊಬ್ಬರು ಕಲಿತು ಹಾಗೆಯೇ ಹಾಡಲು ಬರುವಂತೆ ಸ್ಥಿರವಾದದ್ದು. ಆದರೆ ಪದಚ್ಛೇದ ಕಲಿಯಲು ಗಮಕಿಗಳಿಗಿಂತ ಒಳ್ಳೆಯ ಗುರುಗಳಿಲ್ಲ. ಶಿವಮೊಗ್ಗದ ಬಳಿಯ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರ ವಾಚನವನ್ನು ಪುಸ್ತಕ ಎದುರಿಗಿಟ್ಟುಕೊಂಡು ಕೇಳಿ, ಎಲ್ಲಿ ನಿಂತರು ಎಂಬುದನ್ನು ಪೆನ್ಸಿಲ್‌ನಲ್ಲಿ ಗೆರೆ ಹಾಕಿಕೊಳ್ಳಿ.

ರಾಗ ಆರಿಸುವುದು ಹೇಗೆ? ಒಂದೇ ರಾಗದಲ್ಲಿರಬೇಕೆ?

ಜೋಗುಳಕ್ಕೆ ನೀಲಾಂಬರಿ, ಶೋಕಕ್ಕೆ ಮುಖಾರಿ ಅಥವಾ ಶುಭಪಂತುವರಾಳಿ, ಮಂಗಳಕ್ಕೆ ಮಧ್ಯಮಾವತಿ – ಈ ರೂಢಿ ಗೊತ್ತಿರಲಿ. ಆದರೆ ಅದು ಮೊದಲ ಉತ್ತರವಷ್ಟೆ. ಪದ್ಯದಲ್ಲಿ ಮಾತನಾಡುತ್ತಿರುವವರು ಯಾರು, ಯಾರಿಗೆ ಎಂದು ಕೇಳಿಕೊಳ್ಳಿ. ಅಕ್ಕನ ವಚನ ವಿರಹವೆಂದು ಅಳುವ ರಾಗ ಹಿಡಿದರೆ, ಅದರೊಳಗಿನ ಹಟ ಕಾಣೆಯಾಗುತ್ತದೆ.

ಸುಗಮ ಸಂಗೀತದಲ್ಲಿ ಅನ್ಯಸ್ವರಕ್ಕೆ, ಅಂದರೆ ರಾಗದಲ್ಲಿಲ್ಲದ ಸ್ವರಕ್ಕೆ, ಅಡ್ಡಿಯಿಲ್ಲ. ಅದು ಬರುವುದು ಅರ್ಥ ತಿರುಗುವ ಜಾಗದಲ್ಲಿರಲಿ, ಒಂದೋ ಎರಡೋ ಕಡೆ ಸಾಕು. ಚರಣಕ್ಕೊಂದು ರಾಗ ಬದಲಿಸಿ ರಾಗಮಾಲಿಕೆ ಮಾಡುವುದು ಆರು ಸಾಲಿನ ಪದ್ಯಕ್ಕೆ ಭಾರ. ಒಂದು ಸರಳ ಪರೀಕ್ಷೆ: ನಿಮ್ಮ ಧಾಟಿಯನ್ನು ಸಾಹಿತ್ಯವಿಲ್ಲದೆ ‘ಲಾ ಲಾ’ ಎಂದು ಹಾಡಿ ಗೆಳೆಯರಿಗೆ ಕೇಳಿಸಿ. ಅವರು ಹಳೆಯ ಚಿತ್ರಗೀತೆಯೊಂದರ ಹೆಸರು ಹೇಳಿದರೆ ಇನ್ನೊಮ್ಮೆ ಕೂರಿ.

‘ಸಾಹಿತ್ಯ ಸ್ಪಷ್ಟವಿಲ್ಲ’ ಎಂದು ತೀರ್ಪುಗಾರರು ಬರೆಯುತ್ತಾರೆ. ಉಚ್ಚಾರಣೆ ಸರಿಯಿದ್ದರೂ ಯಾಕೆ?

ಹಾಗಿದ್ದರೆ ದೋಷ ಗಂಟಲಲ್ಲಿಲ್ಲ, ಧಾಟಿಯಲ್ಲಿದೆ. ಮುಖ್ಯ ಕಾರಣ ಲಘುವನ್ನು ಎಳೆಯುವುದು. ಕನ್ನಡದಲ್ಲಿ ಹ್ರಸ್ವ ದೀರ್ಘವಾದರೆ ಬೇರೆ ಪದವೇ ಆಗುತ್ತದೆ: ಕರು ಕಾರು ಆಗುತ್ತದೆ, ಬಿಡು ಬೀಡಾಗುತ್ತದೆ, ಬಲೆ ಬಾಲೆಯಾಗುತ್ತದೆ. ಪದದ ಮೊದಲ ಅಕ್ಷರ ಲಘುವಾಗಿದ್ದರೆ ಅದಕ್ಕೆ ಒಂದೇ ಮಾತ್ರೆ ಕೊಡಿ. ಎಳೆಯಬೇಕೆಂದರೆ ಮೊದಲೇ ಗುರುವಾಗಿರುವ ಅಕ್ಷರವನ್ನೋ ಪದದ ಕೊನೆಯ ಸ್ವರವನ್ನೋ ಎಳೆಯಿರಿ.

ಒತ್ತಕ್ಷರದಲ್ಲಿ ಇನ್ನೊಂದು ಬಗೆಯ ಕಷ್ಟ. ‘ಕತ್ತಲೆ’ಯಲ್ಲಿ ‘ಕ’ ಗುರುವೇನೋ ಹೌದು, ಆದರೆ ಅದರ ಎರಡನೇ ಮಾತ್ರೆ ‘ತ್’ನಲ್ಲಿದೆ. ಅಲ್ಲಿ ಮೂರು ನಾಲ್ಕು ಸ್ವರಗಳ ಸಂಗತಿ (ಅಲಂಕಾರದ ಸ್ವರಸುಳಿ) ಹಾಕಿದರೆ ‘ಕಾತ್ತಲೆ’ ಕೇಳುತ್ತದೆ. ಸಂಗತಿಯನ್ನು ‘ಲೆ’ಗೆ ಸರಿಸಿ.

ಮತ್ತೊಂದು ಕಾರಣ ಪದ ಒಡೆಯುವುದು. ‘ನೀನಲ್ಲದೆ ಅನ್ಯರಿಲ್ಲ’ ಎಂಬಲ್ಲಿ ‘ನೀನಲ್ಲ’ ಎಂದು ಆವರ್ತ ಮುಗಿಸಿ ‘ದೆ’ಯನ್ನು ಮುಂದಿನ ಸಮಕ್ಕೆ ಇಟ್ಟರೆ ಭಕ್ತ ದೇವರನ್ನೇ ನಿರಾಕರಿಸಿದಂತಾಯಿತು. ಸಾಲಿನ ಶುರುವನ್ನು ಸಮದಿಂದ ಒಂದೆರಡು ಮಾತ್ರೆ ಆಚೆಗೋ ಈಚೆಗೋ ಸರಿಸಿ, ಅಂದರೆ ಎಡುಪು ಬದಲಿಸಿ ನೋಡಿ. ಇಂಥ ಒಡಕುಗಳಲ್ಲಿ ಮುಕ್ಕಾಲು ಪಾಲು ಅಷ್ಟರಿಂದಲೇ ಸರಿಹೋಗುತ್ತವೆ.

ಧಾಟಿಯ ಹರವು ಎಷ್ಟಿರಬೇಕು? ಯಾವ ಶ್ರುತಿ?

ಒಬ್ಬರೇ ಹಾಡುವುದಾದರೆ ಮಂದ್ರ ಪಂಚಮದಿಂದ ತಾರ ಗಾಂಧಾರದವರೆಗೆ ಸಾಕು, ಅದರಾಚೆ ಹೋದರೆ ಒತ್ತಾಯ ಕೇಳಿಸುತ್ತದೆ. ಗಂಡುದನಿಗೆ ಸಾಮಾನ್ಯವಾಗಿ 1 ಅಥವಾ ಒಂದೂವರೆ ಕಟ್ಟೆ (ಶ್ರುತಿಯ ಮಟ್ಟ), ಹೆಣ್ಣುದನಿಗೆ 5ರಿಂದ 6. ತಾರಸ್ಥಾಯಿಯ ತುತ್ತತುದಿಯಲ್ಲಿ ‘ಇ’, ‘ಉ’ ಸ್ವರಗಳ ಅಕ್ಷರ ಬಂದರೆ ದನಿ ಹಿಸುಕಿದಂತಾಗುತ್ತದೆ. ಅಲ್ಲಿಗೆ ‘ಆ’, ‘ಓ’ ಬರುವಂತೆ ಏರುವ ಜಾಗವನ್ನು ಹೊಂದಿಸಿ.

ಗಂಡಸರೂ ಹೆಂಗಸರೂ ಕೂಡಿ ಒಂದೇ ಶ್ರುತಿಯಲ್ಲಿ ಹಾಡುವ ಸಮೂಹಗೀತೆಯಾದರೆ ಲೆಕ್ಕವೇ ಬೇರೆ. ಹರವು ಒಂದು ಸ್ಥಾಯಿಗೆ ಮೀರದಿರಲಿ, ಏರಿದ ಭಾಗ ಒಂದು ಗುಂಪಿಗೆ, ಇಳಿದ ಭಾಗ ಇನ್ನೊಂದಕ್ಕೆ ಹಂಚಿ. ಸಂಗತಿಗಳು ಮೂರು ಸ್ವರಕ್ಕಿಂತ ಉದ್ದವಾದರೆ ಹದಿನೈದು ಕಂಠ ಹದಿನೈದು ದಿಕ್ಕಿಗೆ ಹೋಗುತ್ತದೆ.

5 ನಿಮಿಷದ ಮಿತಿಯಲ್ಲಿ ಎಷ್ಟು ಪದ್ಯ ಹಿಡಿಸುತ್ತದೆ?

ಮೊದಲೇ ಲೆಕ್ಕ ಹಾಕಿ. ಭಾಮಿನಿಯ ಒಂದು ಪದ್ಯ, ತುಂಬಿಸಿದ ಮಾತ್ರೆಗಳೂ ಸೇರಿ 112. ನಿಮಿಷಕ್ಕೆ 160 ಮಾತ್ರೆಯ ವೇಗದಲ್ಲಿ 42 ಸೆಕೆಂಡ್. ಪೂರ್ವಾರ್ಧವನ್ನು ಎರಡು ಸಲ ಹಾಡಿದರೆ 63 ಸೆಕೆಂಡ್. ಮೂರು ಪದ್ಯಕ್ಕೆ 189. ಶುರುವಿಗೆ ಮತ್ತು ಪದ್ಯಗಳ ನಡುವೆ 56 ಮಾತ್ರೆಯ ವಾದ್ಯಭಾಗ, ಮೂರು ಸಲ ತಲಾ 21 ಸೆಕೆಂಡಿನಂತೆ 63. ಒಟ್ಟು 4 ನಿಮಿಷ 12 ಸೆಕೆಂಡ್. ಉಳಿದ 48 ಸೆಕೆಂಡಿನಲ್ಲಿ ನಾಲ್ಕನೇ ಪದ್ಯ ತುರುಕಬೇಡಿ, ಮುಕ್ತಾಯಕ್ಕೆ ಬಿಡಿ. ಅವಧಿ ಮೀರಿದ ಹಾಡನ್ನು ಕೆಲವು ಕಡೆ ನಡುವೆಯೇ ನಿಲ್ಲಿಸುತ್ತಾರೆ.

ವಾದ್ಯಗಳು ಎಷ್ಟು ಬೇಕು?

ತಂಬೂರಿ, ಒಂದು ತಾಳವಾದ್ಯ, ಒಂದು ಕೊಳಲೋ ಪಿಟೀಲೋ ಹಾರ್ಮೋನಿಯಮ್ಮೋ. ಸ್ಪರ್ಧೆ ಸಂಯೋಜನೆಗೆ, ವಾದ್ಯವಿನ್ಯಾಸಕ್ಕಲ್ಲ. ಕೀಬೋರ್ಡ್‌ನಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯುವವರು ಗಮನಿಸಬೇಕಾದದ್ದು ಒಂದು: ರಾಗದಲ್ಲಿಲ್ಲದ ಸ್ವರ ಕಾರ್ಡಿನೊಳಗೆ ನುಸುಳಿದರೆ ಮೋಹನದಂಥ ಐದೇ ಸ್ವರದ ಔಡವ ರಾಗ ಕಲಸಿಹೋಗುತ್ತದೆ. ಮಧ್ಯಮ, ನಿಷಾದ ಇಲ್ಲದ ರಾಗಕ್ಕೆ ಷಡ್ಜ-ಪಂಚಮ ಹಿಡಿದರೆ ಸಾಕು.

ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿ ಕಳಿಸಬಹುದೆ?

ಪ್ರಕಟಣೆಯಲ್ಲಿ ಬೇಡ ಎಂದಿಲ್ಲದಿದ್ದರೆ ಧಾರಾಳವಾಗಿ. ಫ್ಯಾನ್ ನಿಲ್ಲಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಪರದೆ ಬಟ್ಟೆಗಳಿರುವ ಕೋಣೆಯಲ್ಲಿ ಕೂರಿ. ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇಟ್ಟರೆ ‘ಪ’, ‘ಭ’ಗಳ ಗಾಳಿ ಮೈಕಿಗೆ ಬಡಿಯುವುದಿಲ್ಲ. ಅತಿ ಏರಿದ ಸಾಲನ್ನು ಮೊದಲು ಹಾಡಿ ಮಟ್ಟ ನೋಡಿ, ಮೈನಸ್ 6 ಡೆಸಿಬೆಲ್ ದಾಟದಿರಲಿ. ಗದ್ದಲ ತಗ್ಗಿಸುವ ಸೌಲಭ್ಯ ಆಫ್ ಮಾಡಿ, ಅದು ತಂಬೂರಿಯನ್ನೂ ಗದ್ದಲವೆಂದೇ ತಿಳಿದು ಅಳಿಸುತ್ತದೆ.

ತಾಳದ ಟ್ರ್ಯಾಕನ್ನು ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳುತ್ತ ಹಾಡಬೇಡಿ. ಸದ್ದು ನಿಮಗೆ ತಡವಾಗಿ ತಲುಪುತ್ತದೆ, ನೀವು ಅದಕ್ಕೆ ಸರಿಯಾಗಿ ಹಾಡಿದರೂ ಕೂಡಿಸಿದ ಮೇಲೆ ಇಡೀ ಹಾಡು ತಾಳದ ಹಿಂದೆ ಬೀಳುತ್ತದೆ. ವೈರ್ ಇರುವುದೇ ವಾಸಿ. ಕೇಳಿದರೆ 44.1 ಕಿಲೋಹರ್ಟ್ಸ್‌ನ ವೇವ್ ಫೈಲ್ ಕಳಿಸಿ. ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್ ಆಗಿ ಕಳಿಸಬೇಡಿ, ಅದು ಸಂಕುಚಿತಗೊಂಡು ತಾರಸ್ಥಾಯಿ ಒರಟಾಗುತ್ತದೆ.

ಸ್ವರಲಿಪಿ ಬರೆಯಲು ಬಾರದು. ಕಡ್ಡಾಯವೆ?

ಹಲವು ಕಡೆ ಕೇಳುತ್ತಾರೆ. ಪಲ್ಲವಿ ಮತ್ತು ಒಂದು ಚರಣದ್ದಾದರೂ ಕಲಿತು ಬರೆಯಿರಿ. ಕರ್ನಾಟಕ ಪದ್ಧತಿಯಲ್ಲಿ ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ, ಎಳೆತಕ್ಕೆ ಒಂದಕ್ಷರಕ್ಕೆ ಅಲ್ಪವಿರಾಮ, ಎರಡಕ್ಕೆ ಅರ್ಧವಿರಾಮ. ಭಾತಖಂಡೆ ಪದ್ಧತಿಯಲ್ಲಿ ಕೋಮಲಕ್ಕೆ ಅಡಿಗೆರೆ, ತೀವ್ರ ಮಧ್ಯಮಕ್ಕೆ ಮೇಲೊಂದು ನಿಲುಗೆರೆ. ಎರಡನ್ನೂ ಬೆರೆಸಬೇಡಿ. ಸಾಹಿತ್ಯದ ಅಕ್ಷರ ಅದರ ಸ್ವರದ ಸರಿಯಾಗಿ ಕೆಳಗೇ ಇರಲಿ. ಹಾಗೆ ಜೋಡಿಸಿ ಬರೆದಾಗ, ಎಳೆದ ಲಘುಗಳೆಲ್ಲ ಕಣ್ಣಿಗೇ ಕಾಣುತ್ತವೆ.

ಎಐ ಆ್ಯಪ್‌ನಿಂದ ಧಾಟಿ ಮಾಡಿಸಿದರೆ?

ಪ್ರಕಟಣೆ ಸ್ಪಷ್ಟವಾಗಿ ಒಪ್ಪದಿದ್ದರೆ ಮಾಡಬೇಡಿ. ನಿಯಮದ ಮಾತು ಹಾಗಿರಲಿ, ಸಿಕ್ಕಿದ ಧಾಟಿಯಲ್ಲಿ ಗುರು, ಲಘು ಎಣಿಸಿ ನೋಡಿ.

ಧಾಟಿಯ ಹಕ್ಕು ಯಾರದು? ಆಯೋಜಕರು ಸಹಿ ಕೇಳುತ್ತಾರೆ.

ಸಂಗೀತ ಕೃತಿ ಎಂಬುದು ಸಾಹಿತ್ಯದಿಂದ ಬೇರೆಯಾದ ಸೊತ್ತು, ಸ್ವರಲಿಪಿಯಲ್ಲಿ ಬರೆದಿಡದಿದ್ದರೂ ಅದು ರಚಿಸಿದವರದೇ. ಬಸವಣ್ಣನವರ ವಚನ ಎಲ್ಲರದು, ಅದಕ್ಕೆ ನೀವು ಹಾಕಿದ ಧಾಟಿ ನಿಮ್ಮದು. ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಮಾತ್ರ ಆಗುತ್ತದೆ. ಅದಕ್ಕೇ ಅರ್ಜಿಯ ಕೊನೆಯ ಪುಟವನ್ನು ಓದಿ ಸಹಿ ಹಾಕಿ. ‘ಪ್ರದರ್ಶನಕ್ಕೆ, ಪ್ರಸಾರಕ್ಕೆ ಅನುಮತಿ’ ಎಂದಿದ್ದರೆ ತೊಂದರೆಯಿಲ್ಲ. ‘ಎಲ್ಲ ಹಕ್ಕುಗಳೂ ಆಯೋಜಕರವು’ ಎಂದಿದ್ದರೆ ಎಷ್ಟು ವರ್ಷಕ್ಕೆ ಎಂದು ಕೇಳಿ. ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ತಿಳಿಯುತ್ತದೆ. ಗೆಳೆಯರ ಜೊತೆ ಕೂಡಿ ರಚಿಸಿದ್ದರೆ ಇಬ್ಬರ ಹೆಸರೂ ಅರ್ಜಿಯಲ್ಲಿರಲಿ. ಬಹುಮಾನ ಬಂದ ಮೇಲೆ ನೆನಪುಗಳು ಬೇರೆ ಬೇರೆಯಾಗುತ್ತವೆ.

ಹೊರದೇಶದಲ್ಲಿದ್ದೇವೆ. ಮಗಳು ಹಾಡುತ್ತಾಳೆ, ಕನ್ನಡ ಓದಲು ಬಾರದು.

ಸಂಯೋಜನೆ ನಿಮ್ಮದಾಗಿದ್ದು ಹಾಡುವವರು ಬೇರೆಯಾಗಲು ಅವಕಾಶವಿದೆಯೆ ಎಂದು ಮೊದಲು ನೋಡಿಕೊಳ್ಳಿ. ಇದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಬೇಡಿ. ಲ-ಳ, ನ-ಣ, ಹ್ರಸ್ವ-ದೀರ್ಘ ಮೂರೂ ಅಲ್ಲೇ ಸಾಯುತ್ತವೆ. ನೀವು ತಟ್ಟು ಹಾಕಿ ಓದಿದ ರಾಗವಿಲ್ಲದ ಓದನ್ನು ರೆಕಾರ್ಡ್ ಮಾಡಿಕೊಡಿ. ಅದನ್ನು ಬಾಯಿಪಾಠ ಮಾಡಿದ ಮೇಲೆ ಧಾಟಿ ಕಲಿಸಿ.